ಚೌಕಾಸಿಯೂ ಸತ್ಯಶುದ್ಧ ಕಾಯಕವೂ

ದನದ ಜಾತ್ರೆಗಳನ್ನು ಕಂಡವರಿಗೆ ಒಂದು ದೃಶ್ಯವು ಚಿರಪರಿಚಿತವಾದುದು. ಸಿದ್ಧಗಂಗೆಯಲ್ಲಾಗಲಿ ಸುತ್ತೂರಿನಲ್ಲಾಗಲಿ ಜಾತ್ರೆಯ ದಿನಗಳಲ್ಲಿ ಎತ್ತಿನ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ದಲ್ಲಾಳಿಯು ಹೆಗಲ ವಸ್ತ್ರವನ್ನು ಕೈಗಳ ಮೇಲೆ ಹರವಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಸೂಚಿಸುತ್ತಾನೆ. ಸುತ್ತ ನಿಂತವರಿಗೆ ಆ ಬೆಲೆಯು ತಿಳಿಯದು. ಆದರೆ ಕೊಡುವವನು ಯಾರು, ಕೊಳ್ಳುವವನು ಯಾರು, ಯಾವ ಊರಿನವರು, ಯಾರ ಮಕ್ಕಳು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಆಡಿದ ಮಾತಿಗೆ ತಪ್ಪಿದವನು ಮರುವರ್ಷ ಅದೇ ಜಾತ್ರೆಗೆ ಬಂದು ಅದೇ ಜನರ ಮುಂದೆ ನಿಲ್ಲಬೇಕಾಗುತ್ತದೆ.

ಈಗ ಕಾಲವು ಬದಲಾಗಿದೆ. ಮನೆಯ ಹಳೆಯ ಮಂಚ, ಮಕ್ಕಳ ಸೈಕಲ್ಲು, ದ್ವಿಚಕ್ರ ವಾಹನ, ಹೊಲಿಗೆಯ ಯಂತ್ರ, ಕೊನೆಗೆ ಎತ್ತು ಎಮ್ಮೆಗಳ ಚಿತ್ರಗಳು ಕೂಡ ಮೊಬೈಲಿನ ತೆರೆಯ ಮೇಲೆ ಮಾರಾಟಕ್ಕೆ ಬರುತ್ತಿವೆ. ಈ ಪೇಟೆಯಲ್ಲಿ ಕೇಳುವ ಬೆಲೆಯು ಎಲ್ಲರಿಗೂ ಕಾಣುತ್ತದೆ. ಮನುಷ್ಯನು ಮಾತ್ರ ಮರೆಯಲ್ಲಿರುತ್ತಾನೆ. ಮುಖ ಕಾಣದವರ ಸಂಗಡ ಮಾತನಾಡುವಾಗ ಮಾತು ಎಷ್ಟು ಸುಲಭವಾಗಿ ಬಿರುಸಾಗುತ್ತದೆ, ಎಷ್ಟು ಸುಲಭವಾಗಿ ಸುಳ್ಳಾಗುತ್ತದೆ ಎಂಬುದು ಇಂಥ ವ್ಯವಹಾರವನ್ನು ಒಮ್ಮೆಯಾದರೂ ಮಾಡಿದವರ ಅನುಭವಕ್ಕೆ ಬಂದಿರಬೇಕು. ಆದುದರಿಂದ ಚೌಕಾಸಿಯೆಂಬ ಈ ನಿತ್ಯವ್ಯವಹಾರವನ್ನು ಶರಣರ ಕಾಯಕತತ್ತ್ವದ ಬೆಳಕಿನಲ್ಲಿಟ್ಟು ವಿಚಾರಿಸುವುದು ಗೃಹಸ್ಥರಾದ ಸದ್ಭಕ್ತರಿಗೆ ಪ್ರಯೋಜನಕರವಾದೀತೆಂದು ಭಾವಿಸಿ ಈ ಪಾಠವನ್ನು ಬರೆಯಲಾಗಿದೆ.

೧. ವ್ಯಾಪಾರವು ಹೀನವೇ?

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. ಕೊಡುಕೊಳ್ಳುವಿಕೆಯ ಮಾತನ್ನು ಧರ್ಮದ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವರು ಕೇಳಬಹುದು. ಶರಣಧರ್ಮವನ್ನು ಬಲ್ಲವರು ಹೀಗೆ ಕೇಳಲಾರರು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಹಣದ ಲೆಕ್ಕವೇ ಅವರ ಹೊಣೆಯಾಗಿದ್ದಿತು. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಬಂದು ಶರಣನಾದವನು. ಜೇಡರ ದಾಸಿಮಯ್ಯನು ನೇಯ್ದವನು, ಮೇದರ ಕೇತಯ್ಯನು ಬಿದಿರಿನ ಕೆಲಸ ಮಾಡಿದವನು, ಗಾಣದ ಕನ್ನಪ್ಪನು ಎಣ್ಣೆ ತೆಗೆದವನು. ಇವರೆಲ್ಲರೂ ತಾವು ಮಾಡಿದ ವಸ್ತುವನ್ನು ಮತ್ತೊಬ್ಬರಿಗೆ ಕೊಟ್ಟು ಬೆಲೆಯನ್ನು ಪಡೆದೇ ಜೀವನ ಸಾಗಿಸಬೇಕಾಗಿದ್ದಿತು. ಆ ಬೆಲೆಯಿಂದಲೇ ದಾಸೋಹವನ್ನು ನಡೆಸಬೇಕಾಗಿದ್ದಿತು. ಕಾಯಕವು ಮನೆಯ ಒಳಗೆ ಮುಗಿಯುವುದಿಲ್ಲ. ಪೇಟೆಯಲ್ಲಿ ಬೆಲೆಯಾಗಿ ಪರಿಣಮಿಸಿದಾಗಲೇ ಅದು ದಾಸೋಹಕ್ಕೆ ಒದಗುತ್ತದೆ. ಆ ಬೆಲೆಯು ಅಶುದ್ಧವಾದರೆ ಕಾಯಕವೂ ಕೆಟ್ಟಿತು, ದಾಸೋಹವೂ ಕೆಟ್ಟಿತು. ಹೀಗಿರಲಾಗಿ ಬೆಲೆಯ ವಿಚಾರವು ಧರ್ಮದ ವಿಚಾರವೇ ಆಗಿದೆ.

೨. ಒಂದೇ ಬೆಲೆಯ ಚರಿತ್ರೆ

ಒಂದು ವಸ್ತುವಿಗೆ ಒಂದೇ ಬೆಲೆ, ಅದು ಬರೆದಿಟ್ಟ ಬೆಲೆ, ಎಂಬ ಪದ್ಧತಿಯು ಅನಾದಿಯಾದುದಲ್ಲ. ಲೋಕದ ಬಹುಭಾಗದಲ್ಲಿ ಬಹುಕಾಲ ಬೆಲೆಯು ಮಾತಿನಿಂದಲೇ ತೀರ್ಮಾನವಾಗುತ್ತಿದ್ದಿತು. ಜಪಾನಿನ ಎದೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಮಿತ್ಸುಯಿ ತಕತೋಶಿ ಎಂಬ ವರ್ತಕನು 1673ರಲ್ಲಿ ಎಚಿಗೋಯ ಎಂಬ ಬಟ್ಟೆಯಂಗಡಿಯನ್ನು ತೆರೆದನು. ನಗದು ಹಣಕ್ಕೆ ಮಾತ್ರ ಮಾರಾಟ, ಎಲ್ಲರಿಗೂ ಒಂದೇ ಬೆಲೆ ಎಂಬ ಅವನ ಪದ್ಧತಿಯು ಪ್ರಖ್ಯಾತವಾಯಿತು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಕ್ವೇಕರ್ ಪಂಥದವರು ಇದೇ ನಿಲುವನ್ನು ಧರ್ಮದ ದೃಷ್ಟಿಯಿಂದ ತಳೆದರು. ಕೊಡಲು ಮನಸ್ಸಿರುವ ಬೆಲೆ ಒಂದು, ಬಾಯಿಂದ ಹೇಳುವ ಬೆಲೆ ಮತ್ತೊಂದು ಆದರೆ ಅದು ಅಸತ್ಯವಲ್ಲವೇ ಎಂಬುದು ಅವರ ವಾದ. ಆದುದರಿಂದ ಅವರು ಮೊದಲ ಮಾತಿನಲ್ಲಿಯೇ ಕೊನೆಯ ಬೆಲೆಯನ್ನು ಹೇಳುತ್ತಿದ್ದರು. ಚಿಕ್ಕ ಮಗುವನ್ನು ಕಳುಹಿಸಿದರೂ ಮೋಸವಾಗದೆಂಬ ನಂಬಿಕೆಯಿಂದ ಜನರು ಅವರ ಅಂಗಡಿಗಳನ್ನು ಹುಡುಕಿಕೊಂಡು ಹೋದರು. 19ನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಅರಿಸ್ತೀದ್ ಬೂಸಿಕೋ, ಫಿಲಡೆಲ್ಫಿಯಾದಲ್ಲಿ ಜಾನ್ ವಾನಮೇಕರ್ ಮೊದಲಾದವರು ದೊಡ್ಡ ಮಳಿಗೆಗಳನ್ನು ಕಟ್ಟಿ, ವಸ್ತುವಿನ ಮೇಲೆಯೇ ಬೆಲೆಯನ್ನು ಬರೆದಿಡುವ ಪದ್ಧತಿಯನ್ನು ವಿಸ್ತರಿಸಿದರು.

ಇಷ್ಟಾದ ಮೇಲೆ ಅಂತರ್ಜಾಲದ ಪೇಟೆಯು ಹಳೆಯ ಪದ್ಧತಿಯನ್ನು ಪುನಃ ತಂದಿತು. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬುವರು ಆರಂಭಿಸಿದ ಹರಾಜಿನ ತಾಣವು ಮುಂದೆ ಇಬೇ ಎಂದು ಹೆಸರಾಯಿತು. 2005ರಲ್ಲಿ ಅದು, ಕೊಳ್ಳುವವನು ತನ್ನ ಬೆಲೆಯನ್ನು ತಿಳಿಸಿ ಮಾರುವವನು ಒಪ್ಪುವ, ತಳ್ಳುವ, ಅಥವಾ ಮರುಬೆಲೆ ಹೇಳುವ ಏರ್ಪಾಡನ್ನು ಮಾಡಿತು. ಇದು ಅಚ್ಚ ಚೌಕಾಸಿಯಲ್ಲದೆ ಮತ್ತೇನು? 2006ರಲ್ಲಿ ಓಎಲ್ಎಕ್ಸ್, 2016ರಲ್ಲಿ ಫೇಸ್‌ಬುಕ್ಕಿನ ಮಾರ್ಕೆಟ್‌ಪ್ಲೇಸ್ ಆರಂಭವಾದುವು. ಗೃಹಸ್ಥರು ತಮ್ಮ ತಮ್ಮಲ್ಲಿಯೇ ಹಳೆಯ ವಸ್ತುಗಳನ್ನು ಮಾರಿಕೊಳ್ಳುವ ಇಂಥ ತಾಣಗಳಲ್ಲಿ ಬರೆದ ಬೆಲೆಯು ಕೊನೆಯ ಬೆಲೆಯೆಂದು ಯಾರೂ ತಿಳಿಯುವುದಿಲ್ಲ. ವಸ್ತುವಿನ ಚಿತ್ರವನ್ನು ಹಾಕಿದ ಗಳಿಗೆಯಲ್ಲಿಯೇ, ನಮಸ್ಕಾರವೂ ಇಲ್ಲದೆ, "ಲಾಸ್ಟ್ ಎಷ್ಟು?" ಎಂಬ ಪ್ರಶ್ನೆಯು ಬಂದುಬಿಡುತ್ತದೆ.

೩. ಚೌಕಾಸಿಯಲ್ಲಿ ತಪ್ಪಾವುದು, ತಪ್ಪಲ್ಲದುದಾವುದು?

ಕ್ವೇಕರರ ನಿಲುವು ಗೌರವಾರ್ಹವಾದುದು. ಆದರೆ ಎಲ್ಲ ಚೌಕಾಸಿಯೂ ಅಸತ್ಯವೆಂದು ಹೇಳಲಾಗದು. ಹಳೆಯ ವಸ್ತುವಿಗೆ ನಿಶ್ಚಿತವಾದ ಬೆಲೆಯೆಂಬುದಿಲ್ಲ. ಒಂದು ಹೊಲಿಗೆಯ ಯಂತ್ರವು ಒಂದು ಮನೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿದೆ. ಮತ್ತೊಂದು ಮನೆಯಲ್ಲಿ ಒಬ್ಬ ತಾಯಿಯು ರವಿಕೆ ಹೊಲಿದು ಮಕ್ಕಳ ಶಾಲೆಯ ವೆಚ್ಚವನ್ನು ಹೊರಬೇಕೆಂದಿದ್ದಾಳೆ. ಮೊದಲಿನವರಿಗೆ ಅದು ಸ್ಥಳ ಹಿಡಿದ ಕಬ್ಬಿಣ, ಎರಡನೆಯವರಿಗೆ ಅದು ಕಾಯಕದ ಸಾಧನ. ಇಬ್ಬರಿಗೂ ಸಮ್ಮತವಾದ ಬೆಲೆಯನ್ನು ಹುಡುಕಲು ಮಾತುಕತೆಯಲ್ಲದೆ ಬೇರೆ ದಾರಿಯಿಲ್ಲ. ಮಾರುವವರು ಆರು ಸಾವಿರ ರೂಪಾಯಿ ಎಂದು ಬರೆದು ಐದು ಸಾವಿರಕ್ಕೆ ಒಪ್ಪಿದರೆ, ಆ ಒಂದು ಸಾವಿರವು ಮಾತಿಗೆ ಬಿಟ್ಟ ಅವಕಾಶವೆಂದು ಇಬ್ಬರಿಗೂ ತಿಳಿದೇ ಇರುತ್ತದೆ. ಇಬ್ಬರೂ ಬಲ್ಲ ವಾಡಿಕೆಯಿಂದ ಯಾರೂ ಮೋಸಹೋಗುವುದಿಲ್ಲ.

ಈ ಕುರಿತು ಅರ್ಥಶಾಸ್ತ್ರಜ್ಞರು ನಡೆಸಿದ ಒಂದು ಅಧ್ಯಯನವು ಇಲ್ಲಿ ಗಮನಾರ್ಹವಾಗಿದೆ. ಮ್ಯಾಥ್ಯೂ ಬಾಕಸ್, ಥಾಮಸ್ ಬ್ಲೇಕ್, ಬ್ರಾಡ್ಲಿ ಲಾರ್ಸನ್, ಸ್ಟೀವನ್ ಟಡೆಲಿಸ್ ಎಂಬ ನಾಲ್ವರು ಇಬೇ ತಾಣದಲ್ಲಿ ಮಾರಾಟಕ್ಕೆ ಬಂದ 2.5 ಕೋಟಿಗೂ ಮಿಕ್ಕ ವಸ್ತುಗಳ ಚೌಕಾಸಿಯನ್ನು ಪರಿಶೀಲಿಸಿ 2020ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒಬ್ಬನು ಸ್ವಲ್ಪ ಇಳಿದರೆ ಮತ್ತೊಬ್ಬನೂ ಸ್ವಲ್ಪ ಏರುವನು. ಇಬ್ಬರ ಬೆಲೆಗಳ ನಡುವಿನ ಅಂತರವನ್ನು ಸರಿಯಾಗಿ ಅರ್ಧಮಾಡಿ ಹೇಳಿದ ಬೆಲೆಗೆ ಜನರು ಹೆಚ್ಚಾಗಿ ಒಲಿಯುವರು ಎಂಬುದನ್ನು ಅವರು ಕಂಡರು. ಮುಖವನ್ನು ಕಾಣದ, ಮುಂದೆಂದೂ ಭೇಟಿಯಾಗದ ಅಪರಿಚಿತರಲ್ಲಿಯೂ ಸಮಪಾಲಿನ ನ್ಯಾಯವು ಇಷ್ಟು ಗಟ್ಟಿಯಾಗಿ ನೆಲೆಸಿದೆಯೆಂಬುದು ಸಂತೋಷದ ಸಂಗತಿ. ಚೌಕಾಸಿಯು ತನ್ನ ಶುದ್ಧರೂಪದಲ್ಲಿ ಕಲಹವಲ್ಲ. ಇಬ್ಬರೂ ಒಂದೊಂದು ಹೆಜ್ಜೆ ಮುಂದಿಟ್ಟು ಕೂಡುವ ಕ್ರಮ.

ಹಾಗಾದರೆ ತಪ್ಪು ಎಲ್ಲಿ ಪ್ರವೇಶಿಸುತ್ತದೆ? ಬೆಲೆಯನ್ನು ಹೇಳುವುದರಲ್ಲಿ ಅಲ್ಲ, ಬೆಲೆಗೆ ಒತ್ತಾಸೆಯಾಗಿ ಹೇಳುವ ಮಾತಿನಲ್ಲಿ. "ಐದು ಸಾವಿರ ಕೊಟ್ಟರೆ ಕೊಡುತ್ತೇನೆ" ಎಂಬುದು ಇಚ್ಛೆಯ ಮಾತು; ಅದರಲ್ಲಿ ಅಸತ್ಯವಿಲ್ಲ. "ಈಗತಾನೆ ಒಬ್ಬರು ಐದೂವರೆ ಸಾವಿರಕ್ಕೆ ಕೇಳಿದರು" ಎಂಬುದು ಸಂಗತಿಯ ಮಾತು. ಯಾರೂ ಕೇಳದಿದ್ದರೆ ಅದು ಸುಳ್ಳು. "ಮೂರು ಸಾವಿರಕ್ಕೆ ಕೊಡುವಿರಾ?" ಎಂಬುದು ಕೇಳಿಕೆ, ತಪ್ಪಿಲ್ಲ. "ನನ್ನಲ್ಲಿರುವುದು ಮೂರೇ ಸಾವಿರ" ಎಂಬುದು, ಚೀಲದಲ್ಲಿ ಆರು ಸಾವಿರವಿದ್ದಾಗ, ಸುಳ್ಳು. ಇಚ್ಛೆಯನ್ನು ಹೇಳುವುದಕ್ಕೂ ಸಂಗತಿಯನ್ನು ಕಟ್ಟಿ ಹೇಳುವುದಕ್ಕೂ ಇರುವ ಈ ಭೇದವನ್ನು ಭಕ್ತನು ಚೆನ್ನಾಗಿ ಮನನಮಾಡಬೇಕು. ಕೈಯಲ್ಲಿ ಮೊಬೈಲಿರುವಾಗಲೂ ಇಷ್ಟಲಿಂಗವು ಎದೆಯ ಮೇಲೆಯೇ ಇರುತ್ತದೆ. ಎದುರಿನವನು ಕಾಣದಿದ್ದಾನು, ಸಾಕ್ಷಿಯು ದೂರ ಹೋಗಿಲ್ಲ.

೪. ಮಾರುವವನ ಶುದ್ಧಿ

ಶರಣರ ಚರಿತ್ರೆಯಲ್ಲಿ ಬೆಲೆಯ ವಿಷಯವಾಗಿಯೇ ಬರುವ ಒಂದು ಪ್ರಸಂಗವಿದೆ. ನುಲಿಯ ಚಂದಯ್ಯನದು ಹುಲ್ಲನ್ನು ಕೊಯ್ದು ತಂದು ಹಗ್ಗ ಹೊಸೆದು ಮಾರುವ ಕಾಯಕ. ಒಮ್ಮೆ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗವು ಜಾರಿ ಬಿದ್ದಿತು. ಅವನು ಅದನ್ನು ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದನು. ಲಿಂಗವೇ ಅವನ ಬೆನ್ನು ಹತ್ತಿ ಬಂದು, ಕೊನೆಗೆ ಅವನ ಕಾಯಕದಲ್ಲಿ ಸೇವೆ ಮಾಡಲು ಒಪ್ಪಿತೆಂದೂ, ಹಗ್ಗವನ್ನು ಮಾರಿಬರಲು ಹೋದಾಗ ಬಸವಣ್ಣನವರು ಭಕ್ತಿಯಿಂದ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಬಹಳ ಮಿಗಿಲಾದ ಹೊನ್ನನ್ನು ಕೊಟ್ಟರೆಂದೂ, ಚಂದಯ್ಯನು ಅದನ್ನು ಒಪ್ಪದೆ ಹೋದನೆಂದೂ ಆ ಪ್ರಸಂಗವು ಹೇಳುತ್ತದೆ.

ಇಲ್ಲಿ ವಿಚಾರಿಸಬೇಕಾದ ಅಂಶವೊಂದಿದೆ. ಬಸವಣ್ಣನವರನ್ನು ಯಾರೂ ವಂಚಿಸಿರಲಿಲ್ಲ. ಕೊಟ್ಟವರು ತಿಳಿದು, ಒಪ್ಪಿ, ಸಂತೋಷದಿಂದಲೇ ಕೊಟ್ಟಿದ್ದರು. ಆದರೂ ಚಂದಯ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ. ಏತಕ್ಕೆ? ಹಗ್ಗಕ್ಕೆ ಸಲ್ಲುವುದು ಹಗ್ಗದ ಬೆಲೆ. ಅದಕ್ಕೆ ಮಿಗಿಲಾದುದು ಅವನ ಕೈಯ ದುಡಿಮೆಯಿಂದ ಹುಟ್ಟಿದುದಲ್ಲ. "ಕೊಳ್ಳುವವನು ಒಪ್ಪಿ ಕೊಟ್ಟನಲ್ಲ" ಎಂಬ ಸಮಾಧಾನವು ಪೇಟೆಗೆ ಸಾಕು, ಕಾಯಕಕ್ಕೆ ಸಾಲದು. ಮಾರುವವನು ಅಷ್ಟಕ್ಕೇ ನಿಲ್ಲದೆ, ಈ ವಸ್ತುವಿಗೆ ಇಷ್ಟು ಸಲ್ಲುವುದೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಎದುರಿನವರ ಅಗತ್ಯದ ತೀವ್ರತೆಯನ್ನು ಕಂಡು ಬೆಲೆಯನ್ನು ಏರಿಸುವುದು ಚಂದಯ್ಯನ ಮಾರ್ಗವಲ್ಲ.

ಮಾರುವವನ ಎರಡನೆಯ ಹೊಣೆಯು ದೋಷವನ್ನು ಹೇಳುವುದು. ಹಳೆಯ ವಸ್ತುವಿನ ನಿಜಸ್ಥಿತಿಯು ಅದನ್ನು ಬಳಸಿದವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿಯದು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ಇದರ ಪರಿಣಾಮವನ್ನು ವಿವರಿಸಿದರು. ಒಳ್ಳೆಯದಾವುದು ಕೆಟ್ಟದಾವುದು ಎಂದು ತಿಳಿಯದ ಕೊಳ್ಳುಗನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲೊಲ್ಲನು. ಹೀಗೆ ಒಳ್ಳೆಯ ವಸ್ತುಗಳು ಹಿಂದೆ ಸರಿದು ಪೇಟೆಯಲ್ಲಿ ಕೆಟ್ಟವುಗಳೇ ಉಳಿಯುತ್ತವೆ. ಈ ವಿಚಾರಸರಣಿಗೆ ಸಂಬಂಧಿಸಿದ ಕಾರ್ಯಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕವು ಇನ್ನಿಬ್ಬರೊಡನೆ ದೊರೆಯಿತು. ಒಬ್ಬನು ದೋಷವನ್ನು ಮುಚ್ಚಿಟ್ಟರೆ ನಷ್ಟವು ಒಬ್ಬ ಕೊಳ್ಳುಗನಿಗೆ ಮಾತ್ರವಲ್ಲ, ಪ್ರಾಮಾಣಿಕನಾದ ಪ್ರತಿಯೊಬ್ಬ ಮಾರಾಟಗಾರನಿಗೂ ತಟ್ಟುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ. "ಲಾಸ್ಟ್ ಎಷ್ಟು?" ಎಂಬ ಆ ಒರಟು ಪ್ರಶ್ನೆಯ ಹಿಂದೆ, ಹಿಂದೆಂದೋ ಬೇರೆ ಯಾರೋ ಮಾಡಿದ ಮೋಸದ ಭಯವೂ ಇರಬಹುದು.

ಇಬೇ ತಾಣದ ಆರಂಭದ ದಿನಗಳ ಒಂದು ವೃತ್ತಾಂತವು ಇದಕ್ಕೆ ಒಪ್ಪುವಂತಿದೆ. ಒಮಿಡ್ಯಾರರು ಅಲ್ಲಿ ಮೊದಲು ಮಾರಾಟಕ್ಕಿಟ್ಟ ವಸ್ತುವು ಕೆಟ್ಟುಹೋದ ಒಂದು ಲೇಸರ್ ಸೂಚಕ. ಅದು 14 ಡಾಲರು 83 ಸೆಂಟುಗಳಿಗೆ ಹೋಯಿತು. ಅವರು ಕೊಂಡವನಿಗೆ ಬರೆದು, ಇದು ಕೆಟ್ಟಿರುವುದು ತಿಳಿದಿದೆಯೇ ಎಂದು ಕೇಳಿದರು. ಕೆಟ್ಟ ಲೇಸರ್ ಸೂಚಕಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಅವನು ಉತ್ತರಿಸಿದನಂತೆ. ದೋಷವನ್ನು ತೆರೆದು ಹೇಳಿದರೆ ಕೊಳ್ಳುವವರು ಇಲ್ಲವಾಗುವರೆಂಬ ಅಂಜಿಕೆಯು ಹಲವು ಸಲ ಹುಸಿಯೆಂಬುದಕ್ಕೆ ಇದು ನಿದರ್ಶನ.

ದೊಡ್ಡ ಸಂಸ್ಥೆಗಳ ಮಾರಾಟದಲ್ಲಿ ನಡೆಯುವ ವಂಚನೆಯನ್ನು ತಡೆಯಲು ಸರಕಾರವು ಕಾನೂನನ್ನು ಮಾಡಿದೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಯನ್ನು ಮೀರಿ ಮಾರಕೂಡದು. ಅದಕ್ಕಿಂತ ಕಡಿಮೆಗೆ ಕೇಳಲು ಅಡ್ಡಿಯಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ಮಾರಾಟಗಾರರ ಹೊಣೆಗಳನ್ನು ವಿಧಿಸಿವೆ. 2023ರ ಮಾರ್ಗಸೂಚಿಯು 13 ಬಗೆಯ ಮರುಳುಗೊಳಿಸುವ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ಅವಸರವನ್ನು ಹುಟ್ಟಿಸುವುದು, ಕೊಳ್ಳುವವನಿಗೆ ತಿಳಿಯದಂತೆ ಬುಟ್ಟಿಗೆ ಬೇರೆ ವಸ್ತುವನ್ನು ಸೇರಿಸುವುದು ಮೊದಲಾದುವು ಇದರಲ್ಲಿ ಸೇರಿವೆ. ದೊಡ್ಡ ಸಂಸ್ಥೆಗೆ ಕಾನೂನು ನಿಷೇಧಿಸಿದ ಈ ಸುಳ್ಳು ಅವಸರವನ್ನು ನಾವು ನಮ್ಮ ಹಳೆಯ ಮಂಚವನ್ನು ಮಾರುವಾಗ ಬಳಸಬಹುದೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

೫. ಕೊಳ್ಳುವವನ ಶುದ್ಧಿ

ಮಾರುವವನ ಧರ್ಮದ ಮಾತು ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಕೊಳ್ಳುವವನಿಗೂ ಧರ್ಮವುಂಟೆಂದರೆ ಹಲವರು ಹುಬ್ಬೇರಿಸುವರು. ಕಡಿಮೆಗೆ ತಂದೆನೆಂಬುದು ನಮ್ಮಲ್ಲಿ ಜಾಣತನದ ಲಕ್ಷಣವಾಗಿದೆ. ಅದನ್ನು ನೆರೆಮನೆಯವರಿಗೆ ಹೇಳಿಕೊಂಡು ಸಂತೋಷಪಡುತ್ತೇವೆ. ಈ ಪಾಠದ ಮುಖ್ಯವಾದ ಅಂಶವು ಇಲ್ಲಿಯೇ ಇದೆ.

ಇಳಕಲ್ಲಿನ ಸೀರೆಯನ್ನು ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಈ ಊರಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಸೇರಿಸುವ ತೋಪು ತೆನಿ ಎಂಬ ಕ್ರಮವೇ ಇದರ ವೈಶಿಷ್ಟ್ಯ. ಎಳೆ ಸೇರಿಸುವುದು, ನೂಲು ಸುತ್ತುವುದು ಮೊದಲಾದ ಕೆಲಸಗಳಲ್ಲಿ ಮನೆಯವರೆಲ್ಲರ ಕೈಯೂ ಸೇರಿರುತ್ತದೆ. ಈಗ ಅಂಗಡಿಯ ನಡುವಣ ಕೈಯಿಲ್ಲದೆ ನೇಕಾರರ ಮನೆಯವರೇ ವಾಟ್ಸಪ್ಪಿನಲ್ಲಿ ಸೀರೆಯ ಚಿತ್ರವನ್ನು ಕಳುಹಿಸಿ ದೂರದ ಊರುಗಳಿಗೆ ಮಾರುವುದುಂಟು. ಇದು ಒಳ್ಳೆಯ ಬೆಳವಣಿಗೆ. ಆದರೆ ಚಿತ್ರವನ್ನು ನೋಡಿದವರು ಏನು ಕೇಳುತ್ತಾರೆ? ಯಂತ್ರದಲ್ಲಿ ನೇಯ್ದ ಅದೇ ಮಾದರಿಯ ಸೀರೆಯ ಬೆಲೆಯನ್ನು ಮತ್ತೊಂದು ತಾಣದಲ್ಲಿ ಕಂಡು, "ಅಲ್ಲಿ ಇದರ ಅರ್ಧಕ್ಕೆ ಸಿಗುತ್ತದೆ" ಎನ್ನುತ್ತಾರೆ. ಮಗ್ಗದವರಿಗೆ ನೂಲಿನ ಬೆಲೆಯನ್ನು ಇಳಿಸಲಾಗದು. ಬಣ್ಣದ ಬೆಲೆಯನ್ನು ಇಳಿಸಲಾಗದು. ಅಂಚೆಯ ವೆಚ್ಚವನ್ನು ಇಳಿಸಲಾಗದು. ಇಳಿಸಬಹುದಾದುದು ಒಂದೇ, ತಮ್ಮ ಕೂಲಿ. ನಾವು ಕಡಿದ ಐನೂರು ರೂಪಾಯಿಯು ನೂಲಿನಿಂದ ಬರುವುದಿಲ್ಲ, ಕಾಯಕದಿಂದಲೇ ಬರುತ್ತದೆ.

ಅದೇ ಗ್ರಾಹಕರು ದೊಡ್ಡ ಸಂಸ್ಥೆಯ ಆ್ಯಪಿನಲ್ಲಿ ಊಟವನ್ನು ತರಿಸುವಾಗ ಬೆಲೆಯ ಮೇಲೆ ಸೇರಿಸಿದ ಶುಲ್ಕಗಳನ್ನು ಮರುಮಾತಿಲ್ಲದೆ ಕೊಡುತ್ತಾರೆ. ಅಲ್ಲಿ ಚೌಕಾಸಿಗೆ ಕಿವಿಗೊಡುವವರು ಯಾರೂ ಇಲ್ಲ. ಕಿವಿಗೊಡುವ ಮನುಷ್ಯನು ಇರುವಲ್ಲಿ ಮಾತ್ರ ನಮ್ಮ ಚೌಕಾಸಿಯು ನಡೆಯುತ್ತದೆ. ಅವನು ದುರ್ಬಲನಾದಷ್ಟೂ ಹೆಚ್ಚು ನಡೆಯುತ್ತದೆ. ಇದನ್ನು ಜಾಣತನವೆಂದು ಕರೆಯುವ ಮುನ್ನ ಒಂದು ಗಳಿಗೆ ಯೋಚಿಸಬೇಕು.

ಈ ಸಂದರ್ಭಕ್ಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ದಾರಿದೀಪವಾಗಿದೆ. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಅದು ಅಗತ್ಯವನ್ನು ಮೀರಿದ ಆಸೆಯೆಂದು ತಿಳಿಸಿ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿಬರುವಂತೆ ಹೇಳಿದಳು. ಆ ಅಕ್ಕಿಯು ಕದ್ದುದಲ್ಲ; ನೆಲಕ್ಕೆ ಚೆಲ್ಲಿದುದು. ಅದನ್ನು ಜಂಗಮರ ದಾಸೋಹಕ್ಕೇ ಬಳಸುವವರಿದ್ದರು. ಆದರೂ ಅದು ಅವರ ನಿತ್ಯದ ಕಾಯಕದ ಪಾಲನ್ನು ಮೀರಿದುದಾದ್ದರಿಂದ ಲಿಂಗಕ್ಕೆ ಸಲ್ಲದೆಂಬುದು ಆ ತಾಯಿಯ ನಿಲುವು.

ಚೌಕಾಸಿಯಲ್ಲಿ ಉಳಿಸಿದ ಹಣವನ್ನು ಕುರಿತು ಕೆಲವರು ಹೀಗೆ ಹೇಳುವುದುಂಟು: "ನಾನೇನು ನನಗಾಗಿ ಉಳಿಸುತ್ತೇನೆಯೇ? ಉಳಿದುದನ್ನು ಮಠದ ದಾಸೋಹಕ್ಕೆ ಕೊಡುತ್ತೇನೆ." ಲಕ್ಕಮ್ಮನ ಪ್ರಸಂಗವನ್ನು ಓದಿದವರು ಈ ಮಾತನ್ನು ಆಡಲಾರರು. ನೇಕಾರನ ಕೂಲಿಯಿಂದ ಕಿತ್ತ ಹಣವು ಹುಂಡಿಗೆ ಬಿದ್ದ ಮಾತ್ರಕ್ಕೆ ದಾಸೋಹವಾಗುವುದಿಲ್ಲ. ಅದು ನೇಕಾರನು ತನ್ನ ಮನೆಯಲ್ಲಿ ಮಾಡಬಹುದಾಗಿದ್ದ ದಾಸೋಹ. ಅದನ್ನು ನಾವು ನಮ್ಮ ಹೆಸರಿಗೆ ಬರೆಸಿಕೊಂಡೆವು, ಅಷ್ಟೆ. ಮಠದ ಪತ್ರಿಕೆಯಲ್ಲಿ ಈ ಮಾತನ್ನು ಬರೆಯುವುದು ಕೆಲವರಿಗೆ ಕಹಿಯೆನಿಸೀತು. ಆದರೆ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ತಾಯಿಯ ವಚನಗಳನ್ನು ನಿತ್ಯವೂ ಪಠಿಸುವ ನಾವು ಇಷ್ಟನ್ನಾದರೂ ಒಪ್ಪಿಕೊಳ್ಳಬೇಕು.

ಇದರಿಂದ ಬಡವನು ಬೆಲೆಯನ್ನು ಕೇಳಬಾರದೆಂದು ಅರ್ಥವಲ್ಲ. ಹೊಲಿಗೆಯ ಯಂತ್ರವನ್ನು ಕೊಳ್ಳಬೇಕಾದ ಆ ತಾಯಿಯು "ಆರು ಸಾವಿರ ನನ್ನಿಂದಾಗದು, ನಾಲ್ಕೂವರೆ ಸಾವಿರವಿದೆ, ಉಳಿದುದನ್ನು ಮುಂದಿನ ತಿಂಗಳು ಕೊಡಲೇ?" ಎಂದು ಕೇಳಿದರೆ ಅದರಲ್ಲಿ ಸತ್ಯವೂ ಇದೆ, ವಿನಯವೂ ಇದೆ. ಉಳ್ಳವನು ಇಲ್ಲದವನ ಮಾತನ್ನು ಎರವಲು ತಂದು ಆಡುವುದೇ ದೋಷ. ಅಂಥವರಿಂದಾಗಿಯೇ ನಿಜವಾದ ಇಲ್ಲದವನ ಮಾತನ್ನು ಯಾರೂ ನಂಬದಂತಾಗಿದೆ.

೬. ಎಚ್ಚರವೂ ಧರ್ಮವೇ

ಸತ್ಯಶುದ್ಧಿಯೆಂದರೆ ಮುಗ್ಧತನವಲ್ಲ. ಆನ್‌ಲೈನ್ ಪೇಟೆಯಲ್ಲಿ ಚೌಕಾಸಿಯೇ ಇಲ್ಲದೆ ಹೇಳಿದ ಬೆಲೆಗೆ ಒಡನೆಯೇ ಒಪ್ಪುವ ಕೊಳ್ಳುಗರನ್ನು ಕಂಡರೆ ಕೆಲವೊಮ್ಮೆ ಹೆಚ್ಚಿನ ಎಚ್ಚರವು ಬೇಕಾಗುತ್ತದೆ. ವಸ್ತುವನ್ನು ನೋಡುವುದಿಲ್ಲ, ಬೆಲೆಯನ್ನು ಕಡಿಯುವುದಿಲ್ಲ. "ಹಣ ಕಳುಹಿಸುತ್ತೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ" ಎನ್ನುತ್ತಾರೆ. ಇದು ವಂಚಕರ ಪರಿಚಿತವಾದ ವಿಧಾನ. 2016ರಲ್ಲಿ ಬಂದ ಯುಪಿಐ ಪದ್ಧತಿಯಲ್ಲಿ ಹಣವನ್ನು ಕೊಡಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ. ಪಿನ್ ಒತ್ತಿದೊಡನೆ ಹಣವು ನಮ್ಮ ಖಾತೆಯಿಂದಲೇ ಹೋಗುತ್ತದೆ. ಸೈನಿಕನೆಂದು ಹೇಳಿಕೊಂಡು, ಗುರುತಿನ ಚೀಟಿಯ ಚಿತ್ರವನ್ನು ತೋರಿಸಿ, ಮುಂಗಡವನ್ನು ಕೇಳುವ ಮಾರಾಟಗಾರರ ವಿಷಯದಲ್ಲಿಯೂ ಜಾಗರೂಕರಾಗಿರಬೇಕು. ಮೋಸವಾದರೆ ತಡಮಾಡದೆ 1930 ಸಂಖ್ಯೆಯ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆಯು ಹೆಚ್ಚು. ಮನೆಯ ಹಿರಿಯರಿಗೆ ಈ ವಿಷಯವನ್ನು ಕಿರಿಯರು ತಾಳ್ಮೆಯಿಂದ ತಿಳಿಸಿಕೊಡುವುದೂ ಸೇವೆಯೇ ಸರಿ.

೭. ಆಚರಣೆಗೆ ಕೆಲವು ನಿಯಮಗಳು

ಮೇಲಿನ ವಿಚಾರದಿಂದ ಗೃಹಸ್ಥಭಕ್ತರು ಅನುಸರಿಸಬಹುದಾದ ಕೆಲವು ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು: ಬೆಲೆಯನ್ನು ಕೇಳುವ ಮುನ್ನ ಮನುಷ್ಯನನ್ನು ಮಾತನಾಡಿಸಬೇಕು. "ಶರಣು" ಎಂದೋ "ನಮಸ್ಕಾರ" ಎಂದೋ ಆರಂಭಿಸಿದ ಚೌಕಾಸಿಯು ಬಯ್ಗುಳದಲ್ಲಿ ಮುಗಿಯುವುದು ಅಪರೂಪ.

ಎರಡನೆಯದು: ಇಚ್ಛೆಯನ್ನು ಹೇಳಬಹುದು, ಇಲ್ಲದ ಸಂಗತಿಯನ್ನು ಕಟ್ಟಬಾರದು. ಇಲ್ಲದ ಗಿರಾಕಿಯನ್ನು ಮಾರುವವನು ಸೃಷ್ಟಿಸಬಾರದು. ಇಲ್ಲದ ಬಡತನವನ್ನು ಕೊಳ್ಳುವವನು ಸೃಷ್ಟಿಸಬಾರದು.

ಮೂರನೆಯದು: ಮಾರುವವನು ದೋಷವನ್ನು ಕೇಳುವ ಮೊದಲೇ ಹೇಳಬೇಕು, ಸಾಧ್ಯವಾದರೆ ಚಿತ್ರದಲ್ಲಿಯೇ ತೋರಿಸಬೇಕು. ಯಂತ್ರದ ಬೆಲ್ಟು ಸವೆದಿದ್ದರೆ ಸವೆದ ಬೆಲ್ಟಿನ ಚಿತ್ರವೂ ಇರಲಿ.

ನಾಲ್ಕನೆಯದು: ಕೈಯಿಂದ ಮಾಡಿದ ವಸ್ತುವನ್ನು ಮಾಡಿದವರಿಂದಲೇ ಕೊಳ್ಳುವಾಗ ಅವರ ಕೂಲಿಯ ಮೇಲೆ ಚೌಕಾಸಿ ಮಾಡಬಾರದು. ಬೆಲೆಯು ನಮ್ಮ ಶಕ್ತಿಗೆ ಮೀರಿದ್ದರೆ ವಿನಯದಿಂದ ಹಾಗೆಂದು ತಿಳಿಸಿ, ಬೇರೊಂದನ್ನು ಕೊಳ್ಳಬಹುದು.

ಐದನೆಯದು: ಒಪ್ಪಿದ ಮೇಲೆ ಒಪ್ಪಿದುದೇ. ಬೆಲೆಯು ನಿಂತ ಮೇಲೆ ಹೆಚ್ಚು ಕೊಡುವವನು ಬಂದನೆಂದು ಮಾರುವವನು ತಪ್ಪಬಾರದು. ಮನೆಯ ಬಾಗಿಲಿಗೆ ಬಂದು ನಿಂತು, ಗಾಡಿಯ ಬಾಡಿಗೆಯ ನೆಪದಿಂದ ಮತ್ತೆ ಐನೂರನ್ನು ಕಡಿಯಲು ಕೊಳ್ಳುವವನು ಯತ್ನಿಸಬಾರದು. ಕೊಳ್ಳುವ ಮನಸ್ಸಿಲ್ಲದವನು ಕಾಲಕ್ಷೇಪಕ್ಕಾಗಿ ಬೆಲೆಯನ್ನು ಕೇಳಲೂಬಾರದು. ಎದುರಿನವರ ಸಮಯವೂ ಅವರ ಕಾಯಕದ ಭಾಗವೇ.

ಈ ನಿಯಮಗಳು ಕಠಿಣವಾದುವಲ್ಲ. ಚಂದಯ್ಯನಂತೆ ಬಂದ ಹೊನ್ನನ್ನು ಹಿಂದಿರುಗಿಸುವ, ಲಕ್ಕಮ್ಮನಂತೆ ಅಕ್ಕಿಯನ್ನು ಹಿಂದಕ್ಕೆ ಚೆಲ್ಲಿಸುವ ಧೈರ್ಯವು ಎಲ್ಲರಿಗೂ ಒಮ್ಮೆಗೇ ಬಾರದಿರಬಹುದು. ಆದರೆ ಸಂದೇಶವನ್ನು ಕಳುಹಿಸುವ ಗುಂಡಿಯನ್ನು ಒತ್ತುವ ಮುನ್ನ, ಈ ಮಾತನ್ನು ಇಷ್ಟಲಿಂಗದ ಸನ್ನಿಧಿಯಲ್ಲಿ ಗಟ್ಟಿಯಾಗಿ ಓದಬಹುದೇ ಎಂದು ಒಂದು ಗಳಿಗೆ ಕೇಳಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ಅಷ್ಟನ್ನು ಮಾಡಿದರೆ ಹಳೆಯ ಯಂತ್ರವೊಂದರ ಮಾರಾಟವೂ ಸತ್ಯಶುದ್ಧ ಕಾಯಕವಾಗಿ, ಅದರಿಂದ ಬಂದ ಹಣವು ಪ್ರಸಾದವಾಗಿ ಪರಿಣಮಿಸುವುದರಲ್ಲಿ ಸಂದೇಹವಿಲ್ಲ.

ಮನನಕ್ಕೆ ಪ್ರಶ್ನೆಗಳು

1. ಕೊಳ್ಳುವವನು ಸಂತೋಷದಿಂದಲೇ ಹೆಚ್ಚು ಕೊಟ್ಟರೂ ನುಲಿಯ ಚಂದಯ್ಯನು ಏತಕ್ಕೆ ಒಪ್ಪಲಿಲ್ಲ?

2. ಇಚ್ಛೆಯ ಮಾತಿಗೂ ಸಂಗತಿಯ ಮಾತಿಗೂ ಇರುವ ಭೇದವನ್ನು ನಿಮ್ಮ ಮನೆಯ ಇತ್ತೀಚಿನ ಒಂದು ವ್ಯವಹಾರದಿಂದ ಉದಾಹರಿಸಿರಿ.

3. ಕಳೆದ ತಿಂಗಳು ನೀವು ಯಾರಲ್ಲಿ ಚೌಕಾಸಿ ಮಾಡಿದಿರಿ? ಯಾರಲ್ಲಿ ಮಾಡದೆ ಬಿಟ್ಟಿರಿ? ಅವರಿಬ್ಬರಲ್ಲಿ ದುರ್ಬಲರು ಯಾರು?

4. ಚೌಕಾಸಿಯಲ್ಲಿ ಉಳಿದ ಹಣವು ದಾಸೋಹಕ್ಕೆ ಸಲ್ಲುವುದೇ? ಲಕ್ಕಮ್ಮನ ಪ್ರಸಂಗವನ್ನು ಆಧರಿಸಿ ಮನೆಯವರೆಲ್ಲರೂ ಕೂಡಿ ಚರ್ಚಿಸಿರಿ.